ಉಕ್ಕಿನ ಮೇಲ್ಸೇತುವೆ ತಡೆದವರಿಗೆ ಖಾಲಿ ಪಾಲಿಕೆ ಏಕೆ ಕಾಣಲಿಲ್ಲ?

ಪ್ರಶ್ನೆ: ಬಸವನಗುಡಿ ವಾಸಿ

2016ರ ಅಕ್ಟೋಬರ್ 16, ಭಾನುವಾರ. ಆ ಬೆಳಿಗ್ಗೆ ಬಳ್ಳಾರಿ ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ನಿಂತ ಸಾವಿರಾರು ಜನರಲ್ಲಿ ನಾನೂ ನನ್ನ ಪತ್ನಿಯೂ ಇದ್ದೆವು. ಅರವತ್ತು ದಾಟಿದ್ದ ನಮ್ಮಿಬ್ಬರಿಗೂ ಅದು ಬದುಕಿನ ಮೊದಲ ಪ್ರತಿಭಟನೆ. ಅವಳ ಕೈಚೀಲದಲ್ಲಿ ಕಾಫಿಯ ಫ್ಲಾಸ್ಕ್ ಇತ್ತು, ನನ್ನ ಕೈಯಲ್ಲಿ ಮೊಮ್ಮಗಳು ಸ್ಕೆಚ್ ಪೆನ್ನಿನಿಂದ ‘ಬೇಡ’ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದ ರಟ್ಟಿನ ತುಂಡು ಇತ್ತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ, ಅದಕ್ಕೆ 1,791 ಕೋಟಿ ರೂಪಾಯಿ ವೆಚ್ಚ, ಕಡಿಯಬೇಕಾದ ಮರಗಳು 812. ಇದಿಷ್ಟು ಲೆಕ್ಕ ಅಂದು ಅಲ್ಲಿ ನಿಂತವರೆಲ್ಲರ ಬಾಯಲ್ಲೂ ಇತ್ತು. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಬಂತು, ಪತ್ರಿಕೆಗಳಲ್ಲಿ ದಿನವೂ ಬರಹಗಳು ಬಂದವು, ಕೊನೆಗೆ 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಐದು ತಿಂಗಳೂ ಹಿಡಿಯಲಿಲ್ಲ.

ಈಗ ಇನ್ನೊಂದು ದಿನಾಂಕವನ್ನು ಗಮನಿಸಿ. 2020ರ ಸೆಪ್ಟೆಂಬರ್ 10ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ಸದಸ್ಯರ ಅವಧಿ ಮುಗಿಯಿತು. ಅದಾದ ಮೇಲೆ ವಾರ್ಡುಗಳನ್ನು 243 ಮಾಡಿದರು, ಸರ್ಕಾರ ಬದಲಾದ ಮೇಲೆ 225 ಮಾಡಿದರು, ಬಳಿಕ ಪಾಲಿಕೆಯನ್ನೇ ಮುರಿದು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳನ್ನು ಮಾಡಿದರು. ಈ ಐದು ವರ್ಷಗಳಲ್ಲಿ ಕೋಟಿಗೂ ಮಿಕ್ಕಿ ಜನರಿರುವ ನಗರದ ಬಜೆಟ್ ಒಂದು ಸಲವೂ ಚುನಾಯಿತ ಸದಸ್ಯರ ಮುಂದೆ ಚರ್ಚೆಗೆ ಬರಲಿಲ್ಲ. ಮರಗಳಿಗಾಗಿ ಬೀದಿಗಿಳಿದಿದ್ದ ನಾವು, ನಗರಗಳಿಗೆ ಚುನಾಯಿತ ಪಾಲಿಕೆ ಇರಲೇಬೇಕು ಎನ್ನುವ ಸಂವಿಧಾನದ 74ನೇ ತಿದ್ದುಪಡಿಗಾಗಿ ಇಳಿಯಲಿಲ್ಲ. ಅನ್ಯರನ್ನು ದೂರುವುದಕ್ಕೆ ಮೊದಲು ಒಪ್ಪಿಕೊಳ್ಳುತ್ತೇನೆ, ನಾನೂ ಮನೆಯಲ್ಲೇ ಇದ್ದೆ.

ನನ್ನ ಪ್ರಶ್ನೆ ಇಷ್ಟು. ಮಧ್ಯಮ ವರ್ಗದ ಮಾತಿಗೆ ಸರ್ಕಾರ ಬಗ್ಗುತ್ತದೆ ಎಂಬುದು ನಿಜವಾದರೆ, ಆ ಶಕ್ತಿ ಒಂದು ಯೋಜನೆಯನ್ನು ತಡೆಯುವುದರಲ್ಲಿ ಕೆಲಸ ಮಾಡಿ, ಒಂದು ಸಂಸ್ಥೆಯನ್ನು ಉಳಿಸಿಕೊಳ್ಳುವುದರಲ್ಲಿ ಏಕೆ ಕೆಲಸ ಮಾಡಲಿಲ್ಲ? ಅಥವಾ ನಮಗೆ ಆ ಸಂಸ್ಥೆಯೇ ಬೇಡವಾಗಿತ್ತೇ?

ಉತ್ತರ: ನಿವೃತ್ತ ಗುಮಾಸ್ತ

ಹಿರಿಯರು ಕೊನೆಯಲ್ಲಿ ಕೇಳಿರುವ ಸಣ್ಣ ಪ್ರಶ್ನೆಯಲ್ಲೇ ಉತ್ತರವಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿಗೆ ಹೋಗಲು ಸ್ವಲ್ಪ ಸುತ್ತು ಹಾದಿ ಹಿಡಿಯಬೇಕಾಗುತ್ತದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಮಧ್ಯಮ ವರ್ಗ ಹುಟ್ಟಿದ್ದು ಅಂಗಡಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಅಲ್ಲ, ಕಚೇರಿಯಲ್ಲಿ. ಹಾಗಾಗಿ ಅದರ ಮೊದಲ ಜಗಳಗಳೆಲ್ಲವೂ ಕಚೇರಿಯ ಕುರ್ಚಿಗಾಗಿಯೇ ನಡೆದವು. ಮದರಾಸಿನಿಂದ ಬಂದ ಅಧಿಕಾರಿಗಳಿಗೇ ದೊಡ್ಡ ಹುದ್ದೆಗಳು ಹೋಗುತ್ತಿವೆ ಎಂದು ಮೈಸೂರಿನ ವಿದ್ಯಾವಂತರು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆಕ್ಷೇಪಿಸಿದರು. ಮುಂದೆ ಆ ಮೈಸೂರಿಗರಲ್ಲೂ ಒಂದೇ ಜಾತಿಗೆ ಸಿಂಹಪಾಲು ಸಿಗುತ್ತಿದೆ ಎಂದು ಇತರ ಸಮುದಾಯಗಳ ವಿದ್ಯಾವಂತರು 1917ರಲ್ಲಿ ಪ್ರಜಾಮಿತ್ರ ಮಂಡಲಿ ಕಟ್ಟಿ ಮಹಾರಾಜರ ಮುಂದೆ ಅಹವಾಲಿಟ್ಟರು. ಮರುವರ್ಷ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಿಮೆಯಾಗದಂತೆ ಬ್ರಾಹ್ಮಣೇತರರು ಇರಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಕೆಲವು ನೂರು ವಕೀಲರು, ಪದವೀಧರರು, ಜಮೀನುದಾರರ ಮಕ್ಕಳು ಸೇರಿ ರಾಜ್ಯದ ನೀತಿಯನ್ನು ಬದಲಿಸಿದ ನಿದರ್ಶನವಿದು, ಅದೂ ಮತದ ಪೆಟ್ಟಿಗೆ ಎಂಬುದು ಬಹುಪಾಲು ಜನರಿಗೆ ಗೊತ್ತೇ ಇಲ್ಲದ ಕಾಲದಲ್ಲಿ.

ಸ್ವಾತಂತ್ರ್ಯಾನಂತರವೂ ಬೆಂಗಳೂರಿನ ಮಧ್ಯಮ ವರ್ಗವನ್ನು ಬೆಳೆಸಿದ್ದು ಸರ್ಕಾರವೇ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಸಂಬಳ ಕೊಟ್ಟವು, ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ನಿವೇಶನ ಕೊಟ್ಟಿತು, ನಿವೇಶನ ಸಿಗದವರಿಗೆ ಗೃಹ ನಿರ್ಮಾಣ ಸಹಕಾರ ಸಂಘಗಳಿದ್ದವು. ಆ ಸಂಘಗಳಿಗಾಗಿ ರೈತರ ಜಮೀನನ್ನು ಸರ್ಕಾರ ‘ಸಾರ್ವಜನಿಕ ಉದ್ದೇಶ’ ಎಂದು ಸ್ವಾಧೀನಪಡಿಸಿಕೊಟ್ಟದ್ದನ್ನೂ, ನಡುವೆ ಮಧ್ಯವರ್ತಿಗಳು ಕೆಲಸ ಮಾಡಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಸ್ವಾಧೀನವನ್ನೇ ರದ್ದು ಮಾಡಿದ್ದನ್ನೂ ಇಲ್ಲಿ ನೆನಪಿಸಬೇಕು. ಅಂದರೆ ಅಂದಿನ ಮಧ್ಯಮ ವರ್ಗ ಸರ್ಕಾರದ ಮೇಲೆ ಪ್ರಭಾವ ಬೀರಬೇಕಾದ ಅಗತ್ಯವೇ ಇರಲಿಲ್ಲ, ಏಕೆಂದರೆ ಕಡತದ ಆ ಬದಿಯಲ್ಲಿ ಕುಳಿತವನೂ ಈ ಬದಿಯಲ್ಲಿ ನಿಂತವನೂ ಒಂದೇ ಬೀದಿಯವರಾಗಿದ್ದರು.

ಸಾಫ್ಟ್‌ವೇರ್ ಕಾಲದಲ್ಲಿ ಈ ನಂಟು ಕಡಿಯಿತು. ಹೊಸ ವರ್ಗಕ್ಕೆ ಹಣವಿತ್ತು, ಕಚೇರಿಯೊಳಗೆ ಮಾವನೋ ಚಿಕ್ಕಪ್ಪನೋ ಇರಲಿಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿದ್ದನ್ನು ನಾನು ಹೀಗೆಯೇ ಅರ್ಥಮಾಡಿಕೊಂಡಿದ್ದೇನೆ. ಅದು ಹೊರಗೆ ಉಳಿದವರಿಗೆ ತೆರೆದ ಪಕ್ಕದ ಬಾಗಿಲು. ಪಾಲಿಕೆ, ಬಿಡಿಎ, ಜಲಮಂಡಳಿ, ಪೊಲೀಸ್ ಸೇರಿದಂತೆ ಏಳು ಸಂಸ್ಥೆಗಳ ಮುಖ್ಯಸ್ಥರು ಆರು ತಿಂಗಳಿಗೊಮ್ಮೆ ಮುಖ್ಯಮಂತ್ರಿಯ ಸಮ್ಮುಖದಲ್ಲಿ, ಸಾರ್ವಜನಿಕರ ಎದುರು ತಮ್ಮ ಕೆಲಸದ ವರದಿ ಒಪ್ಪಿಸುತ್ತಿದ್ದರು.

ಅದರಿಂದ ಒಳ್ಳೆಯದಾಗಲಿಲ್ಲವೆಂದು ನಾನು ಹೇಳಲಾರೆ. ನಾನು ಕೆಲಸ ಮಾಡುತ್ತಿದ್ದುದು ಒಂದು ಕಂದಾಯ ವಿಭಾಗದಲ್ಲಿ. 2000ನೇ ಇಸವಿಗೆ ಮೊದಲು ಮನೆ ತೆರಿಗೆಯನ್ನು ಬಾಡಿಗೆ ಮೌಲ್ಯದ ಮೇಲೆ ನಿಗದಿ ಮಾಡುತ್ತಿದ್ದರು. ಇನ್‌ಸ್ಪೆಕ್ಟರ್ ಬರುತ್ತಿದ್ದ, ಕಣ್ಣಲ್ಲೇ ಮನೆ ಅಳೆಯುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಲೋಟ ಕೆಳಗಿಡುವಷ್ಟರಲ್ಲಿ ಚೌಕಾಶಿ ಮುಗಿದಿರುತ್ತಿತ್ತು. ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂದ ಮೊದಲ ವರ್ಷ ನಮ್ಮ ಕೌಂಟರಿನ ಮುಂದೆ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು ಕ್ಯಾಲ್ಕುಲೇಟರ್ ಹಿಡಿದು ಸಾಲುಗಟ್ಟಿ ನಿಂತು, ಮನೆಗೆ ಎಷ್ಟು ವರ್ಷವಾಯಿತು, ಸೂರು ಆರ್‌ಸಿಸಿಯೋ ಹೆಂಚೋ, ಯಾವ ವಲಯ ಎಂದು ತಾವೇ ಲೆಕ್ಕ ಹಾಕಿ ಚೆಕ್ ಬರೆದುಕೊಟ್ಟರು. ಒಬ್ಬರಂತೂ ಎರಡು ರೂಪಾಯಿ ಹೆಚ್ಚು ಕಟ್ಟಿದ್ದೇನೆಂದು ಮರುದಿನ ಮತ್ತೆ ಬಂದರು! ಆ ನಮೂನೆ ಇಂದಿಗೂ ರೂಪ ಬದಲಿಸಿಕೊಂಡು ಉಳಿದಿದೆ.

ಆದರೆ ಆ ಕಾರ್ಯಪಡೆ ಉತ್ತರಿಸಬೇಕಾಗಿದ್ದುದು ಮುಖ್ಯಮಂತ್ರಿಗೇ ಹೊರತು ಪಾಲಿಕೆಯ ಸಭೆಗೆ ಅಲ್ಲ. 2004ರಲ್ಲಿ ಮುಖ್ಯಮಂತ್ರಿ ಹೋದರು, ಕಾರ್ಯಪಡೆಯೂ ಹೋಯಿತು. 2008ರಲ್ಲಿ ಇನ್ನೊಬ್ಬ ಮುಖ್ಯಮಂತ್ರಿ ಬಂದಾಗ ಅಬೈಡ್ ಎಂಬ ಇನ್ನೊಂದು ಸಮಿತಿ ಬಂತು, ಅದೂ ಹಾಗೆಯೇ ಕರಗಿತು. ನಮ್ಮ ವರ್ಗದ ನಂಬಿಕೆ ಇರುವುದು ಅಧಿಕಾರಿಯಲ್ಲಿ, ನ್ಯಾಯಾಧೀಶರಲ್ಲಿ, ತಜ್ಞರಲ್ಲಿ. ಕಾರ್ಪೊರೇಟರ್ ಎಂದರೆ ನಮಗೆ ಮುಖ ಸಿಂಡರಿಸಿಕೊಳ್ಳುವ ಪದ. ಆದ್ದರಿಂದ 2020ರಲ್ಲಿ ಪಾಲಿಕೆಗೆ ಐಎಎಸ್ ಆಡಳಿತಾಧಿಕಾರಿ ಬಂದು ಕುಳಿತಾಗ ಏನೋ ಕಳೆದುಹೋಯಿತು ಎಂದು ನಮಗೆ ಅನ್ನಿಸಲೇ ಇಲ್ಲ. ಒಳಗೊಳಗೇ ನಿಟ್ಟುಸಿರು ಬಿಟ್ಟವರನ್ನೂ ನಾನು ಬಲ್ಲೆ.

ಉತ್ತರ: ಬಿ ಖಾತೆಯವನು

ಗುಮಾಸ್ತರ ಉತ್ತರ ಬಹಳ ಚೆನ್ನಾಗಿದೆ, ಆದರೆ ‘ನಮ್ಮ ವರ್ಗ’ ಎಂದು ಅವರು ಬರೆದಾಗಲೆಲ್ಲ ನಾನು ಅದರೊಳಗೆ ಇದ್ದೇನೆಯೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ನಾನು ಒಂದು ಖಾಸಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಪತ್ನಿ ಶಾಲೆಯೊಂದರಲ್ಲಿ ಶಿಕ್ಷಕಿ, ಇಬ್ಬರು ಮಕ್ಕಳೂ ಎಂಜಿನಿಯರಿಂಗ್ ಓದಿದವರು. ಯಾವ ಲೆಕ್ಕದಲ್ಲಿ ನೋಡಿದರೂ ನಾವು ಮಧ್ಯಮ ವರ್ಗ. ಆದರೆ ನಮ್ಮ 30×40 ನಿವೇಶನ ಇರುವುದು ಕೆಂಗೇರಿಯಾಚೆಯ ಕಂದಾಯ ಬಡಾವಣೆಯಲ್ಲಿ, ಅದು ಭೂಪರಿವರ್ತನೆಯಾಗದ ಜಮೀನು, ಅದರ ಖಾತೆ ಬಿ.

ಬಿ ಖಾತೆ ಎಂದರೇನೆಂದು ಜಯನಗರ, ಬಸವನಗುಡಿಯವರಿಗೆ ತಿಳಿಸಿ ಹೇಳಬೇಕಾಗುತ್ತದೆ. ಪಾಲಿಕೆ ನಮ್ಮಿಂದ ತೆರಿಗೆ ವಸೂಲಿ ಮಾಡುತ್ತದೆ, ರಸೀದಿ ಕೊಡುತ್ತದೆ, ಆದರೆ ನಮ್ಮ ಮನೆ ಸಕ್ರಮವೆಂದು ಒಪ್ಪುವುದಿಲ್ಲ. ನಕ್ಷೆ ಮಂಜೂರಾತಿ ಇಲ್ಲ, ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲ ಪುಟ ನೋಡಿಯೇ ಕಡತ ಮಡಚುತ್ತಾರೆ. ನಿಯಮ ಮೀರಿದ ಮನೆ, ನಿವೇಶನಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಎಂಬ ಯೋಜನೆಯ ಹೆಸರು ಕೇಳುತ್ತಲೇ ನಮ್ಮ ಮಕ್ಕಳು ದೊಡ್ಡವರಾದರು. 2014ರಲ್ಲಿ ಅದರ ನಿಯಮ ಬಂತು, ಹಳೆಯ ಬಡಾವಣೆಗಳ ನಾಗರಿಕ ಸಂಘಟನೆಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದವು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಯೋಜಿತ ನಗರ ಹಾಳಾಗಬಾರದು ಎಂಬ ಅವರ ವಾದ ತಪ್ಪೆಂದು ನಾನು ಹೇಳುವುದಿಲ್ಲ, ದುಡ್ಡಿದ್ದವರು ನಾಲ್ಕು ಮಹಡಿಯ ಅನುಮತಿಗೆ ಏಳು ಮಹಡಿ ಎಬ್ಬಿಸಿದ್ದೂ ಸುಳ್ಳಲ್ಲ. ಆದರೆ ಆ ದಿನ ಒಂದು ಮಧ್ಯಮ ವರ್ಗ ಗೆದ್ದಿತು, ಇನ್ನೊಂದು ಮಧ್ಯಮ ವರ್ಗ ಸೋತಿತು ಎಂಬುದನ್ನಾದರೂ ಒಪ್ಪಿಕೊಳ್ಳಿ.

ಈಗ ಕಾರ್ಪೊರೇಟರ್ ವಿಷಯ. ನೀವು ಮುಖ ಸಿಂಡರಿಸುವ ಆ ಮನುಷ್ಯನ ಮನೆಗೆ ನಾವು ಬೆಳಿಗ್ಗೆ ಏಳಕ್ಕೇ ಹೋಗುತ್ತಿದ್ದೆವು. ಅವನು ಹಲ್ಲುಜ್ಜುತ್ತಲೇ ಹೊರಗೆ ಬರುತ್ತಿದ್ದ. ಮೋರಿ ತುಂಬಿದೆ ಎಂದರೆ ಎಂಜಿನಿಯರಿಗೆ ನಮ್ಮೆದುರೇ ಫೋನು ಹಚ್ಚುತ್ತಿದ್ದ. ಕಮಿಷನ್ ತಿನ್ನುತ್ತಿದ್ದನೇ? ತಿನ್ನುತ್ತಿದ್ದಿರಬಹುದು. ಆದರೆ ಬೈಯಲು ಒಂದು ಮುಖವಿತ್ತು, ಐದು ವರ್ಷಕ್ಕೊಮ್ಮೆ ಆ ಮುಖ ನಮ್ಮ ಬಾಗಿಲಿಗೂ ಬರಬೇಕಿತ್ತು. 2020ರ ನಂತರ ಅದೇ ಮೋರಿಯ ದೂರಿಗೆ ನನ್ನ ಮಗ ಆ್ಯಪಿನಲ್ಲಿ ಫೋಟೊ ಹಾಕುತ್ತಾನೆ, ಸಂಖ್ಯೆಯೊಂದು ಬರುತ್ತದೆ, ಮೂರು ದಿನಕ್ಕೆ ‘ಪರಿಹರಿಸಲಾಗಿದೆ’ ಎಂಬ ಸಂದೇಶವೂ ಬರುತ್ತದೆ. ಮೋರಿ ಮಾತ್ರ ಹಾಗೆಯೇ ಇರುತ್ತದೆ.

ಹೀಗಾಗಿ ಪಾಲಿಕೆ ಖಾಲಿಯಾದದ್ದು ಯಾರಿಗೂ ಕಾಣಲಿಲ್ಲ ಎಂದು ಬರೆಯಬೇಡಿ. ನಮಗೆ ಕಂಡಿತ್ತು. ನಮ್ಮ ಬಳಿ ಇಂಗ್ಲಿಷ್ ಪತ್ರಿಕೆಗೆ ಬರೆಯುವವರು ಇರಲಿಲ್ಲ, ಅಷ್ಟೇ. ಚುನಾವಣೆ ನಡೆಸಿ ಎಂದು 2020ರಲ್ಲಿ ಹೈಕೋರ್ಟಿಗೆ ಹೋದವರು ಯಾರೆಂದು ನೋಡಿ, ಅವರಲ್ಲಿ ನೀವು ಮುಖ ಸಿಂಡರಿಸುವ ಮಾಜಿ ಕಾರ್ಪೊರೇಟರ್‌ಗಳಿದ್ದರು. ಆ ಡಿಸೆಂಬರ್ 4ರಂದು, ಆರು ವಾರದೊಳಗೆ ಚುನಾವಣೆಯ ವೇಳಾಪಟ್ಟಿ ಹೊರಡಿಸಬೇಕೆಂದು ಹೈಕೋರ್ಟ್ ಹೇಳಿತು, ಎರಡೇ ವಾರದಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂತು.

ಉತ್ತರ: ಮೂರು ಡಬ್ಬಿ

ನಾನು ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಹನ್ನೆರಡು ವರ್ಷ ಕಸದ ಸ್ವಯಂಸೇವಕಿಯಾಗಿದ್ದವಳು. ತಡೆಯುವುದು ಮಾತ್ರ ನಮಗೆ ಗೊತ್ತು ಎಂಬ ಪ್ರಶ್ನೆಯ ಧ್ವನಿಯನ್ನು ನಾನು ಒಪ್ಪುವುದಿಲ್ಲ. ಕಸದ ವಿಷಯದಲ್ಲಿ ಈ ನಗರದ ನೀತಿಯನ್ನು ಬರೆದವರು ಬಹುಮಟ್ಟಿಗೆ ಅಡುಗೆಮನೆಯಿಂದ ಬಂದ ಹೆಂಗಸರು.

2012ರಲ್ಲಿ ಮಾವಳ್ಳಿಪುರದ ಗ್ರಾಮಸ್ಥರು ಇನ್ನು ನಿಮ್ಮ ಕಸ ಬೇಡ ಎಂದರು. ಲಾರಿಗಳೆಲ್ಲ ಮಂಡೂರಿನ ಕಡೆಗೆ ತಿರುಗಿದವು. ನಗರದ ಮೂಲೆಮೂಲೆಗಳಲ್ಲಿ ಕಸದ ಗುಡ್ಡಗಳು ಎದ್ದವು. ಆ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ಬೇರ್ಪಡಿಸಬೇಕು ಎಂಬ ಆದೇಶ ಬಂತು, ಆದರೆ ಹೇಗೆ ಬೇರ್ಪಡಿಸಬೇಕು ಎಂಬುದು ಆದೇಶ ಹೊರಡಿಸಿದವರಿಗೂ ಸ್ಪಷ್ಟವಿರಲಿಲ್ಲ. ಅಷ್ಟರಲ್ಲಿ ಕೆಲವು ಅಪಾರ್ಟ್‌ಮೆಂಟುಗಳು ತಮ್ಮಷ್ಟಕ್ಕೆ ಒಂದು ಕ್ರಮ ಕಂಡುಕೊಂಡಿದ್ದವು. ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್ ಮತ್ತು ಪ್ಯಾಡುಗಳಂಥದಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ತೊಳೆದು ಬಳಸುವ ಚೀಲ. ಆರಂಭದಲ್ಲಿ ನಾವು ನಾಲ್ವರು ಕೈಗವಸು ಹಾಕಿಕೊಂಡು ನೆಲಮಾಳಿಗೆಯಲ್ಲಿ ಒಂದೊಂದು ಫ್ಲ್ಯಾಟಿನ ಡಬ್ಬಿ ತೆರೆದು ನೋಡಿ, ಸಾಂಬಾರಿನಲ್ಲಿ ಅದ್ದಿದ ಹಾಲಿನ ಪ್ಯಾಕೆಟ್ ಸಿಕ್ಕರೆ ಅದನ್ನು ಹಾಗೆಯೇ ಎತ್ತಿಕೊಂಡು ಹೋಗಿ ಆ ಮನೆಯ ಬಾಗಿಲು ತಟ್ಟುತ್ತಿದ್ದೆವು. ಬಾಗಿಲು ತೆರೆದವರು ನಮಗೆ ಅಂದದ್ದನ್ನೆಲ್ಲ ಇಲ್ಲಿ ಬರೆಯಲಾಗದು. ಇದೇ ಕ್ರಮ ‘ಎರಡು ಡಬ್ಬಿ ಒಂದು ಚೀಲ’ ಎಂಬ ಹೆಸರಿನಲ್ಲಿ 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ ಆದೇಶವೇ ಆಗಿ ನಗರಕ್ಕೆಲ್ಲ ಅನ್ವಯವಾಯಿತು.

ಇದರಲ್ಲಿ ಬಡವರ ವಿರುದ್ಧ ನಿಲ್ಲುವ ಸಂದರ್ಭವೂ ಬರಬೇಕಾಗಿರಲಿಲ್ಲ. ಚಿಂದಿ ಆಯುವವರನ್ನು ಕಳ್ಳರೆಂದು ಪೊಲೀಸರು ಹಿಡಿಯುತ್ತಿದ್ದ ಊರಿನಲ್ಲಿ 2011ರಿಂದ ಅವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ವಾರ್ಡಿನ ಒಣ ತ್ಯಾಜ್ಯ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸತೊಡಗಿದರು. ಇದಕ್ಕೆ ಅವರ ಸಂಘಟನೆಯಾದ ಹಸಿರು ದಳ ಹೋರಾಡಿತು, ಅಪಾರ್ಟ್‌ಮೆಂಟುಗಳಿಂದ ಬಂದ ಸ್ವಯಂಸೇವಕರು ಜೊತೆಗೆ ನಿಂತರು.

ಆದರೂ ಒಂದು ಮಾತನ್ನು ಮುಚ್ಚಿಡಲಾರೆ. ದೊಡ್ಡ ಅಪಾರ್ಟ್‌ಮೆಂಟುಗಳು ತಮ್ಮ ಕಸವನ್ನು ತಾವೇ ನಿರ್ವಹಿಸಬೇಕು ಎಂಬ ನಿಯಮ ಬಂತು. ನೀರಿಗೆ ಆಗಲೇ ಕೊಳವೆಬಾವಿ ಮತ್ತು ಟ್ಯಾಂಕರ್ ಇತ್ತು, ಕರೆಂಟಿಗೆ ಜನರೇಟರ್ ಇತ್ತು, ಕೊಳಚೆಗೆ ನಮ್ಮದೇ ಶುದ್ಧೀಕರಣ ಘಟಕ, ಕಾವಲಿಗೆ ನಮ್ಮದೇ ಸೆಕ್ಯೂರಿಟಿ, ಮಕ್ಕಳು ಆಡಲು ಒಳಗೇ ಪಾರ್ಕು. ಒಂದು ದಿನ ನಮ್ಮ ಸಂಘದ ಸಭೆಯಲ್ಲಿ ತಿಂಗಳ ನಿರ್ವಹಣಾ ಶುಲ್ಕದ ಪಟ್ಟಿ ಓದುತ್ತಿದ್ದಾಗ ನನಗೆ ಹೊಳೆಯಿತು, ನಾವು ಓದುತ್ತಿರುವುದು ಒಂದು ಪುಟ್ಟ ಪಾಲಿಕೆಯ ಬಜೆಟ್. ಆ ಸಭೆಯಲ್ಲಿ ಲಿಫ್ಟ್ ಗುತ್ತಿಗೆಯ ಬಗ್ಗೆ ರಾತ್ರಿ ಹನ್ನೊಂದರವರೆಗೆ ಜಗಳವಾಡುವ ಜನರೇ ವಾರ್ಡ್ ಸಮಿತಿಯ ಶನಿವಾರದ ಸಭೆಗೆ ಕರೆದರೆ ಬರುತ್ತಿರಲಿಲ್ಲ. ಬಂದದ್ದು ನಾವು ಮೂವರು, ಅದೂ ಕಸದ ಹುಚ್ಚು ಹಿಡಿದಿದ್ದರಿಂದ. ಗೇಟಿನ ಹೊರಗಿನ ನೂರು ಅಡಿ ರಸ್ತೆಯೊಂದೇ ನಮಗೂ ಪಾಲಿಕೆಗೂ ಉಳಿದ ಸಂಬಂಧ. ಹೀಗಿದ್ದ ಮೇಲೆ ಪಾಲಿಕೆಯ ಸಭಾಂಗಣ ಖಾಲಿಯಾದರೆ ನಮ್ಮವರಿಗೆ ಯಾವ ಕಿಟಕಿಯಿಂದ ಕಾಣಬೇಕಿತ್ತು?

ಮತದಾನದ ಬಗ್ಗೆಯೂ ಹೇಳಿಬಿಡುತ್ತೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ 53ರಷ್ಟು ಮತದಾನವಾಯಿತು, ಮಂಡ್ಯದಲ್ಲಿ ಶೇ 81 ದಾಟಿತು. ನಮ್ಮ ಮತದಾರರ ಪಟ್ಟಿಯಲ್ಲಿ ಫ್ಲ್ಯಾಟ್ ಬಿಟ್ಟು ಹೋದವರ ಹೆಸರುಗಳು ವರ್ಷಗಟ್ಟಲೆ ಉಳಿದಿರುತ್ತವೆ, ಆದ್ದರಿಂದ ಈ ವ್ಯತ್ಯಾಸವನ್ನೆಲ್ಲ ಸೋಮಾರಿತನದ ಲೆಕ್ಕಕ್ಕೆ ಹಾಕಬಾರದು. ಹಾಗೆ ಕಳೆದ ಮೇಲೂ ಉಳಿಯುವ ಅಂತರ ದೊಡ್ಡದೇ.

ಉತ್ತರ: ಧಾರವಾಡದ ವಕೀಲ

ಚರ್ಚೆ ಸಿಲ್ಕ್ ಬೋರ್ಡಿನಾಚೆಗೆ ಹೋಗುವಂತೆ ಕಾಣದ ಕಾರಣ ಬರೆಯುತ್ತಿದ್ದೇನೆ. ಮಧ್ಯಮ ವರ್ಗ ಸಂಸ್ಥೆಗಳನ್ನು ಕಟ್ಟಲಾರದು ಎಂಬುದು ಬೆಂಗಳೂರಿನ ಅನುಭವವಿರಬಹುದು, ನಮ್ಮದಲ್ಲ. ತೊಂಬತ್ತರ ದಶಕದಲ್ಲಿ ನಾನು ಜ್ಯೂನಿಯರ್ ಆಗಿದ್ದಾಗ ನವಲಗುಂದದ ರೈತನೊಬ್ಬ ರಿಟ್ ಅರ್ಜಿ ಹಾಕಬೇಕೆಂದರೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕುಳಿತು ಬೆಂಗಳೂರಿಗೆ ಹೋಗಬೇಕಿತ್ತು, ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ ಮುಖ ತೊಳೆದು ಹೈಕೋರ್ಟ್ ಇರುವ ಅಠಾರಾ ಕಚೇರಿಯ ಮೆಟ್ಟಿಲು ಹತ್ತಬೇಕಿತ್ತು. ಅಂದು ಕೇಸು ಮುಂದಕ್ಕೆ ಹೋದರೆ ಮತ್ತೆ ಅದೇ ರೈಲು. ನಾನು ಜೊತೆಗೆ ಹೋಗಿದ್ದ ಒಬ್ಬ ಕಕ್ಷಿದಾರ ಆರನೇ ಸಲ ಮರಳುವಾಗ, ಜಮೀನಿನ ಬೆಲೆಗಿಂತ ಟಿಕೀಟಿನ ಬೆಲೆಯೇ ಹೆಚ್ಚಾಯಿತ್ರೀ ಎಂದಿದ್ದು ಈಗಲೂ ಕಿವಿಯಲ್ಲಿದೆ. ಈ ಭಾಗದ ವಕೀಲರು ವರ್ಷಾನುಗಟ್ಟಲೆ ಕಲಾಪ ಬಹಿಷ್ಕರಿಸಿ, ಸರದಿ ಉಪವಾಸ ಕೂತು, ತಮ್ಮದೇ ಹೊಟ್ಟೆಗೆ ಕಲ್ಲು ಹಾಕಿಕೊಂಡು ಹೋರಾಡಿದ ಮೇಲೆ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾದವು, 2013ರಲ್ಲಿ ಅವು ಕಾಯಂ ಆದವು. ಕಲ್ಯಾಣ ಕರ್ನಾಟಕದವರು ದಶಕಗಳ ಕಾಲ ಬೇಡಿಕೆ ಇಟ್ಟು ತಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಸಂವಿಧಾನಕ್ಕೇ ಸೇರುವಂತೆ ಮಾಡಿಕೊಂಡರು. ಅದರಿಂದ ನೌಕರಿ ಮತ್ತು ಸೀಟು ಸಿಕ್ಕಿದ್ದು ಹೆಚ್ಚಾಗಿ ಓದಿದ ಮನೆಗಳಿಗೇ ಎಂಬ ಟೀಕೆ ಇದೆ, ಅದರಲ್ಲಿ ಸತ್ಯಾಂಶವೂ ಇದೆ. ಆದರೂ ಪಡೆದದ್ದು ಸಣ್ಣದಲ್ಲ.

ಯಾವಾಗ ಈ ವರ್ಗ ಗೆಲ್ಲುತ್ತದೆ ಎಂಬುದನ್ನು ಗಮನಿಸಿದರೆ ಬಸವನಗುಡಿಯವರ ಒಗಟು ಸ್ವಲ್ಪ ಸಡಿಲವಾಗುತ್ತದೆ. ತಾನು ದಿನವೂ ಬಳಸುವ, ತನ್ನ ಅನ್ನಕ್ಕೆ ಸಂಬಂಧಪಟ್ಟ ಸಂಸ್ಥೆಯಾದರೆ ಅದು ಹಲ್ಲು ಕಚ್ಚಿ ನಿಲ್ಲುತ್ತದೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕಿಳಿದರು. ಅದೇ ದಿನ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ನಿಂತಿತು. ಚುನಾವಣೆಗೆ ಎರಡೇ ತಿಂಗಳಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. ಸರ್ಕಾರ ಬದಲಾಯಿತು, ಹೊಸ ಸರ್ಕಾರವೂ ಏಳನೇ ವೇತನ ಆಯೋಗದ ಶಿಫಾರಸನ್ನು 2024ರ ಆಗಸ್ಟ್ 1ರಿಂದ ಜಾರಿಗೆ ತಂದಿತು. ಹೀಗೆ ಎರಡೂ ಪಕ್ಷಗಳ ಸರ್ಕಾರಗಳ ಕಿವಿ ತೆರೆಸುವ ಶಕ್ತಿ ಕರ್ನಾಟಕದಲ್ಲಿ ರೈತರಿಗೂ ಇಲ್ಲ, ಉದ್ಯಮಿಗಳಿಗೂ ಇಲ್ಲ. ಗುಮಾಸ್ತರು ಇದನ್ನು ಬರೆಯದೆ ಬಿಟ್ಟದ್ದು ಮರೆವಿನಿಂದಲೇ ಇರಬೇಕೆಂದು ಭಾವಿಸುತ್ತೇನೆ.

ಇನ್ನೊಂದು ಬಗೆಯ ಪ್ರಭಾವವಿದೆ, ಅದಕ್ಕೆ ಮೆರವಣಿಗೆಯೂ ಬೇಡ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆಯಲ್ಲೋ ಕನ್ನಡದಲ್ಲೋ ಕಲಿಸಬೇಕೆಂದು 1994ರಲ್ಲಿ ಸರ್ಕಾರ ಆದೇಶಿಸಿತು. ಸಾಹಿತಿಗಳು ಸ್ವಾಗತಿಸಿದರು, ಎಲ್ಲ ಪಕ್ಷಗಳೂ ತಲೆದೂಗಿದವು. ಆದರೆ ಓದಿದ ಮನೆಗಳವರು, ಕನ್ನಡದ ಪರವಾಗಿ ಭಾಷಣ ಮಾಡಿದವರನ್ನೂ ಸೇರಿಸಿ, ಸದ್ದಿಲ್ಲದೆ ಮಕ್ಕಳ ಟಿ.ಸಿ. ತೆಗೆದುಕೊಂಡು ಇಂಗ್ಲಿಷ್ ಶಾಲೆಗೆ ನಡೆದರು. ಅವರ ಶುಲ್ಕದಿಂದ ಬೆಳೆದ ಶಾಲೆಗಳ ಆಡಳಿತ ಮಂಡಳಿಗಳು ಇಪ್ಪತ್ತು ವರ್ಷ ಮೊಕದ್ದಮೆ ನಡೆಸಿದವು, 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ಪೋಷಕರದು ಎಂದು ತೀರ್ಪಿತ್ತಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು, ಏಕೆಂದರೆ ಬಡವರೂ ಅದೇ ದಾರಿ ಹಿಡಿಯತೊಡಗಿದ್ದರು. ನನ್ನ ಮಕ್ಕಳು ಎಲ್ಲಿ ಓದಿದರು ಎಂದು ಕೇಳಬೇಡಿರಿ.

ಮೂರು ಡಬ್ಬಿಯವರು ಹೇಳಿದ ಗೇಟಿನ ಕಥೆಯೂ ಇದೇ. ಈ ವರ್ಗ ಎದ್ದು ಹೋದ ಶಾಲೆ ಸೊರಗುತ್ತದೆ, ಎದ್ದು ಹೋದ ಆಸ್ಪತ್ರೆ ಸೊರಗುತ್ತದೆ. ಮಾತಿಗಿಂತ ಹೆಚ್ಚು ಪರಿಣಾಮ ಮಾಡುವುದು ಅದರ ನಿರ್ಗಮನ.

ಮರುಪ್ರತಿಕ್ರಿಯೆ: ನಿವೃತ್ತ ಗುಮಾಸ್ತ

ವಕೀಲರು ಕುಟುಕಿದ್ದು ಸರಿಯಾಗಿದೆ. ನಾನು 2006ಕ್ಕೆ ಮೊದಲು ಸೇವೆಗೆ ಸೇರಿದವನು, ಹಳೆಯ ಪಿಂಚಣಿ ಪಡೆಯುತ್ತಿರುವವನು. ತುಟ್ಟಿಭತ್ಯೆ ಒಂದು ತಿಂಗಳು ತಡವಾದರೆ ನಮ್ಮ ಪಿಂಚಣಿದಾರರ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏಳುವ ಗದ್ದಲದ ನೂರನೇ ಒಂದು ಪಾಲು ಗದ್ದಲವೂ ಪಾಲಿಕೆ ಚುನಾವಣೆಯ ಬಗ್ಗೆ ಎದ್ದದ್ದನ್ನು ನಾನು ಕಂಡಿಲ್ಲ. ನಾನೇ ಆ ಗುಂಪಿನ ಅಡ್ಮಿನ್.

ಒಂದು ಸಣ್ಣ ತಿದ್ದುಪಡಿ ಮಾತ್ರ. ಮೇಲ್ಸೇತುವೆ ನಿಂತದ್ದಕ್ಕೆ ಮಾನವ ಸರಪಳಿಯೊಂದೇ ಕಾರಣವೆಂದು ಹೇಳಿದರೆ ಅತಿಯಾದೀತು. ಯೋಜನೆಯಲ್ಲಿ ಲಂಚ ನಡೆದಿದೆಯೆಂದು ವಿರೋಧ ಪಕ್ಷ ಆರೋಪಿಸಿ ಆ ಫೆಬ್ರವರಿಯಲ್ಲಿ ಗದ್ದಲ ಎಬ್ಬಿಸಿತ್ತು, ಮರುವರ್ಷ ಚುನಾವಣೆ ಇತ್ತು. ಬೀದಿಯ ಕೂಗಿಗೆ ರಾಜಕೀಯ ಪಕ್ಷವೊಂದರ ಅಗತ್ಯ ಜೊತೆಗೂಡಿದ್ದರಿಂದ ಅದು ಫಲಿಸಿತು. ಪಾಲಿಕೆ ಚುನಾವಣೆಯ ವಿಷಯದಲ್ಲಿ ಹಾಗೆ ಜೊತೆಗೂಡುವ ಪಕ್ಷವೇ ಇರಲಿಲ್ಲ, ಏಕೆಂದರೆ ವಾರ್ಡಿನ ಅನುದಾನ ತಮ್ಮ ಕೈಯಲ್ಲೇ ಇರಲಿ ಎಂದು ಬಯಸುವ ಶಾಸಕರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

ಮರುಪ್ರತಿಕ್ರಿಯೆ: ಬಸವನಗುಡಿ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ಶಾಸಕರ ಬಗ್ಗೆ ಗುಮಾಸ್ತರು ಬರೆದದ್ದು ನನ್ನ ಯೋಚನೆಯಲ್ಲಿ ಇರಲೇ ಇಲ್ಲ. ನಾನು ನಮ್ಮ ಮೌನವನ್ನಷ್ಟೇ ನೋಡುತ್ತಿದ್ದೆ, ಆ ಮೌನದಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳಿಕೊಂಡಿರಲಿಲ್ಲ. ಬಿ ಖಾತೆಯವರಲ್ಲಿ ಒಂದು ವಿಚಾರ ಕೇಳಬೇಕಿದೆ. ನಿಮ್ಮ ಕಡೆಯ ಬಡಾವಣೆಗಳವರೂ ನಮ್ಮ ಕಡೆಯ ನಿವಾಸಿಗಳ ಸಂಘಗಳವರೂ ವಾರ್ಡಿನ ವಿಷಯಕ್ಕಾಗಿ ಒಂದೇ ಸಭೆಯಲ್ಲಿ ಕುಳಿತದ್ದು ನಿಮ್ಮ ನೆನಪಿನಲ್ಲಿ ಇದೆಯೇ? ನನ್ನ ನೆನಪಿನಲ್ಲಿ ಒಂದೂ ಇಲ್ಲ.

ಮರುಪ್ರತಿಕ್ರಿಯೆ: ಬಿ ಖಾತೆಯವನು

ಒಂದು ಸಲ ಕುಳಿತಿದ್ದೆವು. ವಾರ್ಡ್ ಸಮಿತಿಯ ಸಭೆ, ಬಹುಶಃ 2019. ಮುಖ್ಯರಸ್ತೆಯ ಆಚೆಗಿನ ಹಳೆಯ ಬಡಾವಣೆಯವರು ಪಾರ್ಕಿಗೆ ವಾಕಿಂಗ್ ಟ್ರ್ಯಾಕ್ ಬೇಕೆಂದರು, ನಾವು ಒಳಚರಂಡಿ ಬೇಕೆಂದೆವು. ಇರುವ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತಿತ್ತು. ಎರಡು ಗಂಟೆ ಜಗಳವಾಯಿತು. ಕೊನೆಗೆ ಆ ಕಡೆಯ ಒಬ್ಬ ನಿವೃತ್ತ ಎಂಜಿನಿಯರ್ ನಮ್ಮ ಬೀದಿಗೆ ಬಂದು ನೋಡಿ, ಪ್ಯಾಂಟು ಮಡಚಿಕೊಂಡು ಮೋರಿಯ ಇಳಿಜಾರು ಅಳೆದು, ಇದು ತುಂಬಿದರೆ ಮಳೆಗಾಲದಲ್ಲಿ ನೀರು ನಮ್ಮ ಪಾರ್ಕಿಗೇ ಬರುತ್ತದೆ ಎಂದು ತಮ್ಮವರಿಗೆ ಹೇಳಿದರು. ಒಳಚರಂಡಿಗೆ ನಿರ್ಣಯವಾಯಿತು, ಕಾರ್ಪೊರೇಟರ್ ಸಹಿ ಹಾಕಿದ. ಅರ್ಧ ಕೆಲಸ ಆಗುವಷ್ಟರಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಉಳಿದರ್ಧಕ್ಕೆ ಯಾರನ್ನು ಕೇಳಬೇಕೆಂದು ಆ ಎಂಜಿನಿಯರೂ ನಾನೂ ಒಟ್ಟಿಗೆ ಮೂರು ಕಚೇರಿ ಸುತ್ತಿದೆವು. ಮೂರನೇ ಕಚೇರಿಯಲ್ಲಿ ಒಬ್ಬರು, ಆ ನಿರ್ಣಯದ ಪ್ರತಿ ಇದ್ದರೆ ತನ್ನಿ ಎಂದರು. ಪ್ರತಿ ನನ್ನ ಬೀರುವಿನಲ್ಲಿದೆ.